ಹೆರಿಗೆಗೆ ವಿಮೆಯುಂಟು, ಗುಳಿಗೆಗೆ?

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಬಸುರಿಯಿರುವ ಅನೇಕ ಮನೆಗಳಲ್ಲಿ ಎರಡು ವಸ್ತುಗಳು ಜೋಪಾನವಾಗಿರುತ್ತವೆ. ಒಂದು, ಪಡಿತರ ಚೀಟಿಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ಆರೋಗ್ಯ ಯೋಜನೆಯ ಕಾರ್ಡು. ಇನ್ನೊಂದು, ಗೋಡೆಯ ಗೂಡಿನಲ್ಲಿ ದೇವರ ಪಟದ ಹಿಂದೆ ಇಟ್ಟ ಕೆಂಪು ಗುಳಿಗೆಯ ಸ್ಟ್ರಿಪ್. ಕಾರ್ಡು ಜೋಪಾನವಾಗಿರಬೇಕಾದದ್ದೇ. ಗುಳಿಗೆ ಮಾತ್ರ ಹಾಗಿರಬಾರದು. ಅದು ದಿನಕ್ಕೊಂದರಂತೆ ಖರ್ಚಾಗಬೇಕು.

ಈ ಎರಡರ ನಡುವಿನ ಸಂಬಂಧದ ಬಗ್ಗೆ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಕಾರ್ಡು ಇದ್ದರೆ ಬಸಿರಿನ ಖರ್ಚೆಲ್ಲ ಅದರಲ್ಲೇ ಹೋಗುತ್ತದೆ ಎಂದು ಕೆಲವರು ನಂಬಿರುತ್ತಾರೆ. ಸರಕಾರ ಬಿಟ್ಟಿ ಕೊಡುವ ಗುಳಿಗೆಯಲ್ಲಿ ಸತ್ವವಿಲ್ಲ, ಔಷಧ ಅಂಗಡಿಯ ದುಬಾರಿ ಡಬ್ಬಿಯೇ ಮೇಲು ಎಂದು ಮತ್ತೆ ಕೆಲವರು ಸಾಲ ಮಾಡಿ ಕೊಳ್ಳುತ್ತಾರೆ. ಎರಡೂ ಮನೆಗಳಲ್ಲಿ ನಷ್ಟ ಅನುಭವಿಸುವುದು ತಾಯಿ ಮತ್ತು ಹುಟ್ಟಲಿರುವ ಮಗು. ವಿಮೆ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ, ವಿಮೆಯೇ ಬೇಕಿಲ್ಲದೆ ಯಾವುದು ಸಿಗುತ್ತದೆ ಎಂಬುದನ್ನು ಪ್ರತಿ ಕುಟುಂಬವೂ ಬಿಡಿಸಿ ತಿಳಿಯುವುದು ಅಗತ್ಯ.

ಮುಂಬಯಿಯ ಗಿರಣಿಯಿಂದ ಬಂದ ಅರಿವು

ಬಸುರಿಗೆ ಜೀವಸತ್ವದ ಗುಳಿಗೆ ಕೊಡುವ ಪದ್ಧತಿ ಪರದೇಶದಿಂದ ಬಂದ ಶೋಕಿ ಎಂದು ತಿಳಿಯುವವರಿದ್ದಾರೆ. ಆದರೆ ಅದರ ಮೂಲವಿರುವುದು ಇದೇ ಮಹಾರಾಷ್ಟ್ರದ ನೆಲದಲ್ಲಿ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದ ಕಾಲವದು. ವಿಲ್ಸ್ ಆ ಹೆಂಗಸರ ಅಡುಗೆಯನ್ನೂ ಗಳಿಕೆಯನ್ನೂ ಪರಿಶೀಲಿಸಿದರು. ಕಾಯಿಪಲ್ಯ, ಹಣ್ಣು, ಹಾಲು ಕೊಳ್ಳಲಾಗದ ಮನೆಗಳಲ್ಲೇ ರೋಗ ಹೆಚ್ಚಾಗಿರುವುದು ಕಂಡಿತು. ಯೀಸ್ಟಿನ ಸಾರದಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟು ನೋಡಿದಾಗ ರೋಗಿಗಳು ಬೇಗನೆ ಚೇತರಿಸಿಕೊಂಡರು. ಈ ಫಲಿತಾಂಶವನ್ನು ಅವರು 1931ರಲ್ಲಿ ಪ್ರಕಟಿಸಿದರು.

ಯೀಸ್ಟಿನೊಳಗಿದ್ದ ಆ ಸತ್ವ ಏನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಬಹುಕಾಲ ಅದಕ್ಕೆ ‘ವಿಲ್ಸ್ ಅಂಶ’ ಎಂಬ ಹೆಸರೇ ಇತ್ತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ವಿಲ್ಸ್ ಕಂಡಿದ್ದ ಸತ್ವ ಅದೇ ಆಗಿತ್ತು. ಗಿರಣಿಯ ಬಡ ಹೆಂಗಸರ ಕಾಯಿಲೆಯಿಂದ ಹೊರಬಂದ ಆ ಜ್ಞಾನ ಇಂದು ಜಗತ್ತಿನ ಬಸುರಿಯರೆಲ್ಲರಿಗೂ ಸಲ್ಲುತ್ತಿದೆ. ಗಿರಣಿಗಳಿಗೇ ಹೆಸರಾದ ಸೊಲ್ಲಾಪುರದ ಸೀಮೆಗೆ ಅದು ಪೂರ್ತಿಯಾಗಿ ತಲುಪದಿದ್ದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿಲ್ಲ.

ಯಾವ ಗುಳಿಗೆ, ಯಾವಾಗ?

ಬಸುರಿಗೆ ಮುಖ್ಯವಾಗಿ ಮೂರು ಸತ್ವಗಳನ್ನು ಸರಕಾರದ ಕಾರ್ಯಕ್ರಮ ಒದಗಿಸುತ್ತದೆ.

ಮೊದಲನೆಯದು ಫೋಲಿಕ್ ಆಮ್ಲ. ಬಸಿರಿಗೆ ಮುಂಚಿನಿಂದಲೇ ಆರಂಭಿಸಿ ಮೊದಲ ಮೂರು ತಿಂಗಳು ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು. ಎರಡನೆಯದು ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೂಡಿದ ಕೆಂಪು ಗುಳಿಗೆ. ಇದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮೂರನೆಯದು ಕ್ಯಾಲ್ಸಿಯಂ. 500 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ ಡಿ ಜೀವಸತ್ವ ಇರುವ ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಎರಡು ಸಲ, ಮಗುವಿಗೆ ಆರು ತಿಂಗಳಾಗುವವರೆಗೆ ಸೇವಿಸಬೇಕು. ಇವೆಲ್ಲ ಉಪಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಇವುಗಳಿಗೆ ಯಾವ ವಿಮೆಯ ಕಾರ್ಡನ್ನೂ ತೋರಿಸಬೇಕಿಲ್ಲ.

ಮೊದಲನೆಯ ಗುಳಿಗೆಯ ವಿಷಯದಲ್ಲಿ ಕಾಲದ ಲೆಕ್ಕ ಬಹಳ ಬಿಗಿ. ಗರ್ಭ ನಿಂತ 28 ದಿನಗಳೊಳಗೆ ಕೂಸಿನ ಮೆದುಳು ಮತ್ತು ಬೆನ್ನುಹುರಿಯಾಗಬೇಕಾದ ನರನಾಳ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ಮಗು ತೆರೆದ ಬೆನ್ನುಹುರಿಯೊಡನೆ ಹುಟ್ಟಬಹುದು, ಇಲ್ಲವೇ ಬದುಕುಳಿಯಲಾಗದ ಸ್ಥಿತಿಯಲ್ಲಿ ಹುಟ್ಟಬಹುದು. ಹಿಂದೊಮ್ಮೆ ಇಂಥ ಮಗುವನ್ನು ಹೆತ್ತ ತಾಯಂದಿರಿಗೆ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟಾಗ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತೆಂದು ಏಳು ದೇಶಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಅಂಥ ತಾಯಂದಿರಿಗೂ, ಮೂರ್ಛೆರೋಗದ ಔಷಧ ಸೇವಿಸುವವರಿಗೂ, ಸಕ್ಕರೆ ಕಾಯಿಲೆ ಇರುವವರಿಗೂ ಎಷ್ಟು ಪ್ರಮಾಣ ಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಈ 28 ದಿನಗಳು ಮುಗಿಯುವಾಗ ಹೆಣ್ಣುಮಗಳಿಗೆ ಮುಟ್ಟು ತಪ್ಪಿ ಸುಮಾರು ಎರಡು ವಾರವಷ್ಟೇ ಆಗಿರುತ್ತದೆ. ಮನೆಯಲ್ಲಿ ಹಿರಿಯರಿಗೆ ಹೇಳಲು ಇನ್ನೂ ಸಂಕೋಚ. ಉಪಕೇಂದ್ರದಲ್ಲಿ ಹೆಸರು ಬರೆಸುವುದಂತೂ ದೂರದ ಮಾತು. ಐದನೆಯ ಇಲ್ಲವೇ ಏಳನೆಯ ತಿಂಗಳಲ್ಲಿ ಕುಬಸದ ಸೀರೆ ಕೊಳ್ಳುವ ಹೊತ್ತಿಗೆ ಕೂಸಿನ ಬೆನ್ನುಹುರಿ ರೂಪುಗೊಂಡು ತಿಂಗಳುಗಳೇ ಕಳೆದಿರುತ್ತವೆ. ಬಸಿರಿನ ಎಲ್ಲ ಗುಳಿಗೆಗಳಲ್ಲಿ ಅತಿ ಅಗ್ಗವಾದದ್ದೇ ಹೀಗೆ ಅತಿ ಹೆಚ್ಚು ತಪ್ಪಿಹೋಗುತ್ತದೆ.

ವಿಮೆ ಎಲ್ಲಿಂದ ಆರಂಭವಾಗುತ್ತದೆ?

ಈಗ ಕಾರ್ಡಿನ ಮಾತು. ಕೇಂದ್ರದ ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ 2018ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಮಹಾರಾಷ್ಟ್ರದ ಜನ ಆರೋಗ್ಯ ಯೋಜನೆ ಅದಕ್ಕಿಂತ ಹಳೆಯದು. 2012ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಆರಂಭವಾದಾಗ ಮೊದಲ ಹಂತದ ಎಂಟು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದಾಗಿತ್ತು. ಈಗ ಅದು ಮಹಾತ್ಮಾ ಜ್ಯೋತಿರಾವ್ ಫುಲೆ ಅವರ ಹೆಸರಿನಲ್ಲಿದೆ. ಎರಡೂ ಯೋಜನೆಗಳು ಬಡ ಕುಟುಂಬಗಳನ್ನು ದೊಡ್ಡ ಸಾಲದಿಂದ ಉಳಿಸಿವೆ. ಆದರೆ ಇವು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಾಗಿ ಕಟ್ಟಿದ ಯೋಜನೆಗಳು. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ತಪಾಸಣೆ ಹಾಗೂ ಔಷಧದ ವೆಚ್ಚ ಸೇರಿರುತ್ತದೆ. ಬಸಿರು ಸುಮಾರು 280 ದಿನಗಳದ್ದು. ಮನೆಯಲ್ಲಿ ನಿತ್ಯ ನುಂಗುವ ಗುಳಿಗೆ ಈ ಲೆಕ್ಕದ ಹೊರಗೇ ಉಳಿಯುತ್ತದೆ.

ಹಣ ಕಟ್ಟಿ ಪಡೆಯುವ ಖಾಸಗಿ ಆರೋಗ್ಯ ವಿಮೆಯಲ್ಲಿ ಈ ಗೆರೆ ಇನ್ನೂ ಸ್ಪಷ್ಟವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆಯಬೇಕಾದ ಹೊರಗಿಡುವಿಕೆಗಳ ಪಟ್ಟಿಯನ್ನು ಹೊರಡಿಸಿತು. ಅದರ 14ನೆಯ ಸಂಕೇತ ಜೀವಸತ್ವ, ಖನಿಜ ಮೊದಲಾದ ಪೂರಕಗಳಿಗೆ ಸಂಬಂಧಿಸಿದ್ದು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಇಂಥ ಪದಾರ್ಥಗಳಿಗೆ ಹಣ ಸಿಗುವುದಿಲ್ಲ. ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆದಿದ್ದರೆ ಮಾತ್ರ ಸಿಗಬಹುದು. 18ನೆಯ ಸಂಕೇತ ಹೆರಿಗೆಯ ವೆಚ್ಚವನ್ನೇ ಹೊರಗಿಡುತ್ತದೆ. ಹೆರಿಗೆಯ ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಿದ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಕಾಯುವ ಅವಧಿ ಇರುತ್ತದೆ. ಅದು ಅನೇಕ ಕಡೆ ಎರಡು ವರ್ಷ, ಕೆಲವೆಡೆ ಇನ್ನೂ ಹೆಚ್ಚು. ಬಸಿರಾದ ಮೇಲೆ ಕೊಂಡ ಪಾಲಿಸಿ ಆ ಬಸಿರಿನ ಹೆರಿಗೆಗೆ ಪ್ರಯೋಜನಕ್ಕೆ ಬರುವುದು ಅಪರೂಪ.

ಆದ್ದರಿಂದ ‘ಹೆರಿಗೆಯೂ ಸೇರಿದೆ’ ಎಂಬ ಏಜೆಂಟರ ಮಾತನ್ನು ಕಾಗದದಲ್ಲಿ ನೋಡದೆ ಒಪ್ಪಬಾರದು. ಪಾಲಿಸಿಯ ಮುಖ್ಯ ಅಂಶಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ಕಂಪನಿ ಕೊಡಲೇಬೇಕು. ಪಾಲಿಸಿದಾರರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬ ನಿಯಮವೂ ಇದೆ. ಗಡಿಯಾಚೆ ಇಡೀ ಕರ್ನಾಟಕದಲ್ಲಿ ವ್ಯವಹರಿಸುವ ಕಂಪನಿಯನ್ನು ಕನ್ನಡದ ಪತ್ರ ಕೇಳುವುದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ. ಓದಿದ ಮೇಲೆ ಪಾಲಿಸಿ ಬೇಡವೆನಿಸಿದರೆ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವೂ ಉಂಟು.

ಹೊರರೋಗಿಯ ಔಷಧವನ್ನೂ ಒಳಗೊಂಡ ವಿಮೆಯೊಂದು ಬಹಳ ಹಿಂದಿನಿಂದಲೇ ದೇಶದಲ್ಲಿದೆ. ಅದು 1948ರ ಕಾಯಿದೆಯ ಕಾರ್ಮಿಕ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿಗಳವರೆಗೆ ಸಂಬಳ ಪಡೆಯುವ, ನೋಂದಾಯಿತ ಕಾರ್ಖಾನೆ ಅಥವಾ ಸಂಸ್ಥೆಗಳ ನೌಕರರಿಗೆ ಇದು ಅನ್ವಯಿಸುತ್ತದೆ. ಸಂಬಳದಿಂದ ಶೇ. 0.75 ಮುರಿದುಕೊಳ್ಳುತ್ತಾರೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ನೌಕರರಷ್ಟೇ ಅಲ್ಲದೆ ಅವರ ಹೆಂಡತಿಯೂ ಇದರ ದವಾಖಾನೆಯಲ್ಲಿ ತಪಾಸಣೆ ಮತ್ತು ಔಷಧ ಪಡೆಯಬಹುದು. ಗಂಡ ಕಾರ್ಖಾನೆಯಲ್ಲಿ ದುಡಿಯುವ ಮನೆಗಳಲ್ಲಿ ಸಂಬಳದ ಚೀಟಿಯ ಮೇಲೆ ಈ ಕಡಿತ ಕಾಣುತ್ತದೆಯೇ ಎಂದು ಒಮ್ಮೆ ನೋಡಬೇಕು. ವರ್ಷಗಟ್ಟಲೆ ಹಣ ಕಟ್ಟಿ ಒಮ್ಮೆಯೂ ದವಾಖಾನೆಯ ಮೆಟ್ಟಿಲು ಹತ್ತದವರು ಇರುತ್ತಾರೆ.

ದುಬಾರಿ ಡಬ್ಬಿಯ ಲೆಕ್ಕ

ಫೋಲಿಕ್ ಆಮ್ಲವೂ ಕಬ್ಬಿಣದ ಗುಳಿಗೆಯೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅಲ್ಲಿ ನಮೂದಾದ ರೂಪಗಳ ಗರಿಷ್ಠ ಬೆಲೆಯನ್ನು ಸರಕಾರವೇ ಗೊತ್ತುಮಾಡುತ್ತದೆ. ಬೆಲೆ ಏರುವುದು ಅವುಗಳಿಗೆ ಇನ್ನಷ್ಟು ಸತ್ವಗಳನ್ನು ಬೆರೆಸಿ ಹೊಸ ಹೆಸರಿಟ್ಟಾಗ. ಪಟ್ಟಿಯಲ್ಲಿಲ್ಲದ ಮಿಶ್ರಣಗಳ ಮೊದಲ ಬೆಲೆಯನ್ನು ಕಂಪನಿಯೇ ನಿರ್ಧರಿಸುತ್ತದೆ. ಆಹಾರ ಪೂರಕವೆಂದು ನೋಂದಾಯಿಸಿದ ಪುಡಿ, ಗುಳಿಗೆಗಳು ಔಷಧ ಬೆಲೆಯ ನಿಯಂತ್ರಣಕ್ಕೆ ಒಳಪಡುವುದೇ ಇಲ್ಲ. ಡಬ್ಬಿಯ ಮೇಲೆ ಔಷಧ ಪರವಾನಗಿಯ ಬದಲು ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು ಇದ್ದರೆ ಅದು ಈ ಬಗೆಯದೆಂದು ತಿಳಿಯಬಹುದು.

ಅಂಥ ಡಬ್ಬಿಗಳೆಲ್ಲ ನಿರುಪಯುಕ್ತ ಎನ್ನುವಂತಿಲ್ಲ. ನಿರ್ದಿಷ್ಟ ಕೊರತೆಯಿರುವವರಿಗೆ ವೈದ್ಯರು ಬರೆದುಕೊಡಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಲ್ಲ ಬಸುರಿಯರಿಗೂ ನಿತ್ಯ ಬೇಕೆಂದು ಹೇಳಿದ್ದು 30ರಿಂದ 60 ಮಿಲಿಗ್ರಾಂ ಕಬ್ಬಿಣ ಮತ್ತು 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು. ಸರಕಾರದ ಕೆಂಪು ಗುಳಿಗೆ ಆ ಅಳತೆಗೆ ಎಲ್ಲಿಯೂ ಕಡಿಮೆಯಾಗಿಲ್ಲ. ಉಪಕೇಂದ್ರದಲ್ಲಿ ದಾಸ್ತಾನು ಇಲ್ಲದ ವಾರಗಳಲ್ಲಿ ಜನೌಷಧಿ ಕೇಂದ್ರ ಕೈಹಿಡಿಯುತ್ತದೆ. ವೈದ್ಯರಿಗೆ ‘ಕಂಪನಿಯ ಹೆಸರಿನ ಜೊತೆಗೆ ಔಷಧದ ಹೆಸರನ್ನೂ ಬರೆಯಿರಿ’ ಎಂದು ವಿನಯದಿಂದ ಕೇಳಿದರೆ ಅದೇ ಸತ್ವದ ಅಗ್ಗದ ಗುಳಿಗೆಯನ್ನು ಹುಡುಕಿಕೊಳ್ಳಬಹುದು. ಹೀಗೆ ಉಳಿದ ಹಣ ಬಸುರಿಯ ತಾಟಿನಲ್ಲಿ ತತ್ತಿಯಾಗಿ, ಹಾಲಾಗಿ, ಮೆಂತ್ಯದ ಪಲ್ಯವಾಗಿ ಕಾಣಿಸಬೇಕು.

ನುಂಗದ ಗುಳಿಗೆ

ಬಸುರಿಯರ ರಕ್ತಹೀನತೆಗೆ ಗುಳಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲೇ ಆರಂಭವಾಗಿದೆ. ಅರ್ಧ ಶತಮಾನದ ನಂತರವೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅದೇ ಸಮೀಕ್ಷೆಯ ಪ್ರಕಾರ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದವು. ಕಬ್ಬಿಣದ ಗುಳಿಗೆಯನ್ನು 180 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗಿದವರು ಮಾತ್ರ ಶೇ. 26. ಹೆರಿಗೆಯ ದಿನ ಹೆಂಗಸು ಆಸ್ಪತ್ರೆಯ ಬಾಗಿಲಿಗೆ ತಲುಪುತ್ತಿದ್ದಾಳೆ. ಅಲ್ಲಿಯವರೆಗಿನ ದಿನಗಳಲ್ಲಿ ಆಕೆಯ ರಕ್ತವನ್ನು ಯಾರೂ ಎಣಿಸುತ್ತಿಲ್ಲ. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯ ಸಾಮಾನ್ಯ ರಕ್ತಸ್ರಾವವೂ ಪ್ರಾಣಕ್ಕೆ ಸಂಚಕಾರ ತರಬಲ್ಲದು.

ಗುಳಿಗೆ ಏಕೆ ಗೂಡಿನಲ್ಲೇ ಉಳಿಯುತ್ತದೆ? ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಮಲ ಕಪ್ಪಾಗುತ್ತದೆ. ಕೂಸು ಕಪ್ಪಾಗಿ ಹುಟ್ಟುತ್ತದೆ, ಬಹಳ ದಪ್ಪವಾಗಿ ಹೆರಿಗೆ ಕಠಿಣವಾಗುತ್ತದೆ ಎಂಬ ಭಯವೂ ಕೆಲವು ಮನೆಗಳಲ್ಲಿದೆ. ಮಲ ಕಪ್ಪಾಗುವುದು ಕಬ್ಬಿಣದ ಸಹಜ ಪರಿಣಾಮ, ಅದರಿಂದ ಅಪಾಯವಿಲ್ಲ. ಕೂಸಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧವೇ ಇಲ್ಲ. ತೊಳಸುವಿಕೆ ಹೆಚ್ಚಾದರೆ ರಾತ್ರಿ ಊಟವಾದ ಮೇಲೆ ಮಲಗುವಾಗ ನುಂಗಬಹುದು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಲಿಂಬೆರಸ ನೆರವಾಗುತ್ತದೆ. ಕ್ಯಾಲ್ಸಿಯಂ ಗುಳಿಗೆಯನ್ನು ಊಟದೊಡನೆ ತೆಗೆದುಕೊಂಡು, ಅದಕ್ಕೂ ಕೆಂಪು ಗುಳಿಗೆಗೂ ಕನಿಷ್ಠ ಎರಡು ತಾಸು ಅಂತರವಿಡಬೇಕು. ರಕ್ತದ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ಚಿಕಿತ್ಸೆಯ ಪ್ರಮಾಣವೇ ಬೇರೆ. 7ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣುವುದರಲ್ಲಿ ಒಂದು ದಿನವೂ ತಡಮಾಡಬಾರದು.

ಎರಡು ಭಾಷೆಗಳ ನಡುವಿನ ಕಾರ್ಡು

ಗಡಿನಾಡಿನ ಕನ್ನಡ ಮನೆಗಳಿಗೆ ಇನ್ನೊಂದು ತೊಡಕೂ ಇದೆ. ತಾಯಿ–ಮಗುವಿನ ರಕ್ಷಣಾ ಕಾರ್ಡು ಇಲ್ಲಿ ಮರಾಠಿಯಲ್ಲಿ ಬರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ಮರಾಠಿಯನ್ನು ಸರಾಗವಾಗಿ ಆಡುವ ಹೆಣ್ಣುಮಗಳು ಕನ್ನಡ ಶಾಲೆಯಲ್ಲಿ ಓದಿದವಳಾಗಿದ್ದರೆ ವೈದ್ಯಕೀಯ ಮರಾಠಿ ಅವಳಿಗೆ ಎಡವುಗಲ್ಲು. ಕಾರ್ಡಿನ ‘ಲೋಹ’ ಎಂದರೆ ಮರಾಠಿಯಲ್ಲಿ ಕಬ್ಬಿಣ. ಕನ್ನಡದಲ್ಲಿ ಅದು ತಾಮ್ರ, ಹಿತ್ತಾಳೆಗೂ ಸಲ್ಲುವ ಮಾತು. ರಕ್ತಹೀನತೆಗೆ ಮರಾಠಿಯಲ್ಲಿ ‘ರಕ್ತಕ್ಷಯ’ ಎನ್ನುತ್ತಾರೆ. ಕ್ಷಯ ಎಂಬ ಒಂದೇ ಶಬ್ದ ಕಿವಿಗೆ ಬಿದ್ದ ಅತ್ತೆ ಸೊಸೆಗೆ ಕ್ಷಯರೋಗವಿದೆಯೆಂದು ಬೆದರಿದರೆ ಆಶ್ಚರ್ಯವಿಲ್ಲ.

ಗಡಿಯಾಚೆ ಸಂಬಂಧ ಬೆಳೆಸುವ ವಾಡಿಕೆಯಿಂದ ಇನ್ನೊಂದು ಗಂಟು ಬೀಳುತ್ತದೆ. ಇಂಡಿಗೋ ಆಳಂದಕ್ಕೋ ಕೊಟ್ಟ ಮಗಳು ಅಲ್ಲಿ ಹೆಸರು ಬರೆಸಿ, ಮೊದಲ ಹೆರಿಗೆಗೆ ಅಕ್ಕಲಕೋಟೆಯ ತವರಿಗೆ ಬರುತ್ತಾಳೆ. ಕರ್ನಾಟಕದ ತಾಯಿ ಕಾರ್ಡು ಗಂಡನ ಮನೆಯಲ್ಲೇ ಉಳಿದರೆ ಎಷ್ಟು ಗುಳಿಗೆ ಸಂದಿದೆ, ರಕ್ತದ ಪ್ರಮಾಣ ಎಷ್ಟಿತ್ತು ಎಂಬುದು ಇಲ್ಲಿಯವರಿಗೆ ತಿಳಿಯದು. ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಡುವ ಕುಟುಂಬಗಳದೂ ಇದೇ ಕತೆ. ಕಾರ್ಡು ಬಸುರಿಯ ಜೊತೆಗೇ ಪಯಣಿಸಬೇಕು. ಹೊರಡುವ ಮುನ್ನ ಆಶಾ ಕಾರ್ಯಕರ್ತೆಗೆ ಹೇಳಿ ಮುಂದಿನ ವಾರಗಳ ಗುಳಿಗೆಯನ್ನೂ ಕೇಳಿ ಪಡೆಯಬೇಕು.

ನೆನಪಿಡಬೇಕಾದ ಹಕ್ಕುಗಳು ಕೆಲವಿವೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ತಪಾಸಣೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಅರ್ಹ ಕುಟುಂಬಗಳಿಗೆ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತುಗಳಲ್ಲಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ದೊರೆಯುತ್ತದೆ. ಇವುಗಳಲ್ಲಿ ಯಾವುದಕ್ಕೂ ವಿಮಾ ಕಂತು ಕಟ್ಟಬೇಕಿಲ್ಲ. ಬಸಿರಿನ ಆರಂಭದಲ್ಲೇ ಹೆಸರು ಬರೆಸಿದವರಿಗೆ ಇವೆಲ್ಲವೂ ಸುಲಭ.

ಶಾಲೆಯಿಂದ ಮನೆಗೆ

ಈ ಸರಪಳಿಯ ಮೊದಲ ಕೊಂಡಿ ಇರುವುದು ಶಾಲೆಯಲ್ಲಿ. ಆರನೆಯ ಇಯತ್ತೆಯಿಂದ ಮೇಲಿನ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ ಕೆಂಪು ಗುಳಿಗೆಯಷ್ಟೇ ಕಬ್ಬಿಣ, ಅಷ್ಟೇ ಫೋಲಿಕ್ ಆಮ್ಲ ಇರುತ್ತದೆ. ಇಂದು ಅದನ್ನು ನುಂಗಿದ ಹುಡುಗಿ ನಾಳೆ ರಕ್ತ ತುಂಬಿದ ಮೈಯೊಡನೆ ತಾಯಿಯಾಗುತ್ತಾಳೆ. ‘ಹೊಟ್ಟೆ ನೋಯುತ್ತದೆ, ಬೇಡವೆನ್ನು’ ಎಂದು ಮಗಳಿಗೆ ಹೇಳಿಕೊಟ್ಟು ಕಳಿಸುವ ಪಾಲಕರು ಒಮ್ಮೆ ಯೋಚಿಸಬೇಕು. ಊಟದ ನಂತರ ನುಂಗಿದರೆ ಆ ನೋವೂ ಕಡಿಮೆ.

ಎರಡನೆಯ ಕೆಲಸ ಮಕ್ಕಳದು. ಕನ್ನಡ ಶಾಲೆಯ ಹುಡುಗ, ಹುಡುಗಿಯರು ಮರಾಠಿಯನ್ನೂ ಕಲಿಯುತ್ತಾರೆ. ಅಕ್ಕನ, ಅತ್ತಿಗೆಯ ಕಾರ್ಡನ್ನು ಓದಿ ಕನ್ನಡದಲ್ಲಿ ಹೇಳಬಲ್ಲವರು ಮನೆಯಲ್ಲಿ ಅವರೇ. ಮುಂದಿನ ತಪಾಸಣೆಯ ದಿನಾಂಕ ಯಾವುದು, ಹಿಮೋಗ್ಲೋಬಿನ್ ಎಷ್ಟು, ಸ್ಟ್ರಿಪ್ಪಿನಲ್ಲಿ ಎಷ್ಟು ಗುಳಿಗೆ ಉಳಿದಿವೆ ಎಂದು ಲೆಕ್ಕ ಇಡುವುದು ಐದನೆಯ ಇಯತ್ತೆಯ ಗಣಿತಕ್ಕೂ ಮೀರಿದ್ದಲ್ಲ.

ಮೂರನೆಯದು ಹಿರಿಯರಿಗೆ ಸೇರಿದ್ದು. ಮದುವೆ ಗೊತ್ತಾದಾಗ ಮನೆಯಲ್ಲಿ ಯಾದಿ ಬರೆಯುತ್ತಾರೆ. ಜವಳಿ, ಪಾತ್ರೆ, ಬಂಗಾರ, ಅಕ್ಕಿ, ಬೇಳೆ ಎಂದು ಸಾಲು ಸಾಲಾಗಿ ಇಳಿಯುವ ಆ ಯಾದಿಯ ಕೊನೆಯಲ್ಲಿ ಫೋಲಿಕ್ ಆಮ್ಲದ ಗುಳಿಗೆ ಎಂಬ ಒಂದು ಸಾಲನ್ನೂ ಸೇರಿಸಬಹುದು. ಉಳಿದೆಲ್ಲ ಸಾಮಾನುಗಳ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬಾರದು. ಯಾವ ವಿಮೆಯೂ ಕೊಡದ ಆ ಮೊದಲ 28 ದಿನಗಳ ರಕ್ಷಣೆಯನ್ನು ತವರು ಹಾಗೆ ಮಗಳ ಉಡಿಯಲ್ಲಿ ಕಟ್ಟಿ ಕಳಿಸಬಹುದು.